ತಡವಾಗಿ ಬಿದ್ದ ಎಡಗೈ

ನರರೋಗದ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು: ನಾಲ್ವರ ಜಾಜ್ ತಂಡವೊಂದರ ಡ್ರಮ್ಮರನ ಹೆಂಡತಿ, ಅದೇ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವನು. ಡ್ರಮ್ಮರ್ ಒಳಗೆ ಡಾಕ್ಟರ ಹತ್ತಿರ ಇದ್ದ. ಅಜ್ಜಿಯ ಕತೆಯಲ್ಲಿ ರಾಕ್ಷಸ ಗಿಳಿಯೊಳಗೆ ಜೀವ ಬಚ್ಚಿಡುತ್ತಾನಲ್ಲ, ಆ ಗಿಳಿಯನ್ನು ಕಾಯುವ ಹಾಗೆ ಇಬ್ಬರೂ ಒಂದು ಫೋನನ್ನು ಕಾಯುತ್ತಿದ್ದರು. ಅದರಲ್ಲಿ ಅವರ ಕಾರ್ಯಕ್ರಮದ ರೆಕಾರ್ಡಿಂಗ್ ಓಡುತ್ತಿತ್ತು.

“ಕೇಳಿ ಅತ್ತಿಗೆ, ಇಲ್ಲಿ ಅಣ್ಣನ ಎಡಗೈ ತಡವಾಗಿ ಬೀಳುತ್ತೆ. ಹೊಸ ಆಟ ಶುರುಮಾಡಿದ ಅಂದ್ಕೊಂಡು ನಾವು ಮೂವರೂ ಅವನ ಬೆನ್ನು ಹತ್ತಿದ್ವಿ.”

“ಜನ ಎದ್ದು ಕುಣಿದ್ರಂತೆ.”

“ಹುಚ್ಚೆದ್ದು ಕುಣಿದ್ರು. ನಾವು ಅಷ್ಟು ಜೋರಾಗಿ ಯಾವತ್ತೂ ನುಡಿಸಿಲ್ಲ. ಮ್ಯೂಸಿಕ್ ಕಂಪನಿಯವರು ಇದನ್ನೇ ಆಲ್ಬಮ್ ಮಾಡ್ತೀವಿ ಅಂತಾರೆ.”

“ಆಗ್ಲೇ ಆ ಕೈಗೆ ಲಕ್ವ ಹೊಡೀತಿತ್ತಂತೆ. ಯಾರಾದ್ರೂ ನಿಲ್ಸಿದ್ದಿದ್ರೆ…”

“ಬೇಡ ಅನ್ನಿ ಅತ್ತಿಗೆ, ಈಗ್ಲೇ ಅಳಿಸಿಬಿಡ್ತೀನಿ.”

“ನಿನ್ನೆ ಅವರಿಗೇ ಕೇಳ್ಸಿದೆ.”

“ಅಣ್ಣ ಏನಂದ?”

“‘ಯಾರೇ ಇವನು, ಜೀವ ಬಿಟ್ಟು ಬಾರಿಸ್ತಾನೆ’ ಅಂದ್ರು.”

ಅವನು ಅಳಿಸಲು ಫೋನ್ ಕೈಗೆತ್ತಿಕೊಂಡ.

“ಅಳಿಸ್ಬೇಡ. ಅವರ ಹೆಸರು ಮಾತ್ರ ದೊಡ್ಡದಾಗಿ ಹಾಕ್ಸಪ್ಪ. ದಿನಾ ಅವರಿಗೆ ಓದಿ ಹೇಳ್ತೀನಿ, ಇದು ನೀವೇ ಅಂತ.”

ನರ್ಸ್ ಕರೆದಳು. ಇಬ್ಬರೂ ಎದ್ದು ಹೋದರು. ಆರಿಸಲು ಮರೆತ ಫೋನಿನ ಚಪ್ಪಾಳೆಯೂ ಅವರ ಜೊತೆಗೇ ಒಳಗೆ ಹೋಯಿತು.