ಹಸಿರು ಗೊಂಬೆ, ಹಸಿರು ಹುಲ್ಲು

ಬೇಡ ಟೀಚರಮ್ಮ, ಅಷ್ಟು ಬಗ್ಗಬೇಡಿ. ಹದಿನೈದು ದಿನ ತಲೆ ತಗ್ಗಿಸಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು ಅಂತ ಡಾಕ್ಟರು ಹೇಳಿದಾರೆ ಅಂತ ನೀವೇ ಅಲ್ವಾ ಈಗ ತಾನೇ ಅಂದಿದ್ದು? ಹಾಗಿದ್ದ ಮೇಲೆ ನೆಟ್ಟಗೆ ಕೂತ್ಕೊಳ್ಳಿ, ಆ ದಿಂಬಿಗೆ ಒರಗಿ. ಎಣಿಸೋದು ಯಾವತ್ತೂ ನನ್ನ ಕೆಲಸ, ಇವತ್ತೂ ನಾನೇ ಎಣಿಸ್ತೀನಿ. ಆಟ ಮುಗೀತು. ದಾರಿ, ಊರು, ಹುಲ್ಲು ಬರೆದಿರೋ ಬಿಲ್ಲೆ ಚೀಲದಲ್ಲಿ ಒಂದೂ ಉಳಿದಿಲ್ಲ, ನೋಡಿ, ಕೊಡವಿ ತೋರಿಸ್ತೀನಿ. ಇನ್ನು ಲೆಕ್ಕ ಮಾಡಿ, ಯಾರು ಗೆದ್ರು ಅಂತ ಹೇಳಿ, ಟೀ ಕುಡಿದು ಏಳೋದು ಅಷ್ಟೇ.

ಯಾಕೆ ನಗ್ತೀರಿ? ಓ, ನನ್ನ ಡಜನ್ ಲೆಕ್ಕಕ್ಕಾ? ನಗಿ, ನಗಿ. ನಲವತ್ತು ವರ್ಷ ದರ್ಜಿ ಅಂಗಡಿಯ ಹಿಂದಿನ ಕೋಣೇಲಿ ಕಾಜಾ ಹೊಲಿದು ಗುಂಡಿ ಹಚ್ಚಿದವಳು ನಾನು. ಗುಂಡಿ ಬರೋದೇ ಡಜನ್ ಲೆಕ್ಕದಲ್ಲಿ, ಒಂದು ರಟ್ಟಿಗೆ ಹನ್ನೆರಡು. ಶಾಲೆ ಬಾಗಿಲು ಕಂಡವಳಲ್ಲ. ನನ್ನ ಪಾಲಿಗೆ ಹತ್ತು ಅಂದ್ರೆ ಹನ್ನೆರಡಕ್ಕೆ ಎರಡು ಕಮ್ಮಿ. ನೀವು ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು, ನಿಮಗೆ ಇದು ಹುಡುಗಾಟ ಅನ್ಸತ್ತೆ. ಆದ್ರೂ ಹೇಳಿ, ಒಂದೂವರೆ ವರ್ಷದಲ್ಲಿ ನನ್ನ ಲೆಕ್ಕ ಎಂದಾದ್ರೂ ತಪ್ಪಿದ್ಯಾ?

ಬಿಲ್ಲೆ ಕಡೆಗೇ ನೋಡ್ತೀರಾ. ಸರಿ.

ಮೊದಲು ಬಟ್ಟಲು. ಆಟದ ನಡುವೆ ಗೆದ್ದ ಅಂಕಕ್ಕೆಲ್ಲ ಒಂದೊಂದು ಗುಂಡಿ ಹಾಕ್ತಾ ಬಂದಿದೀವಲ್ಲ, ನಿಮ್ಮ ಬಟ್ಟಲಲ್ಲಿ ನಾಲ್ಕು ಡಜನ್ ಮೂರು. ನನ್ನದರಲ್ಲಿ ನಾಲ್ಕು ಡಜನ್ ಒಂದು. ಬೇಕಿದ್ರೆ ಕೈ ಹಾಕಿ ನೋಡಿ. ಇನ್ನು ಹಾಸಿರೋ ಬಿಲ್ಲೆ ಮೇಲೆ ನಿಂತಲ್ಲೇ ನಿಂತ ಗೊಂಬೆಗಳು. ನಿಮ್ಮ ಹಳದಿ ಗೊಂಬೆ, ಪಾಪ, ಮುಗಿಯದ ದಾರಿ ಮಧ್ಯೆ ನಿಂತ್ಬಿಟ್ಟಿದೆ. ಬಸ್ಸು ತಪ್ಪಿಸ್ಕೊಂಡವನ ಥರ. ದಾರಿಗೆ ಬಿಲ್ಲೆಗೊಂದು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಗುಂಡಿ ನಿಮಗೆ. ನನ್ನ ದಾರಿ ಮೂರೇ ಬಿಲ್ಲೆ. ನನ್ನ ದಾರಿ ಯಾವತ್ತೂ ಗಿಡ್ಡ.

ಇಲ್ಲಿ ನಿಮ್ಮ ಊರು, ಗೋಡೆ ಪೂರ್ತಿ ಆಗಿಲ್ಲ. ಪೂರ್ತಿ ಆಗದ ಊರಿಗೂ ಬಿಲ್ಲೆಗೊಂದೇ. ಮೂರು. ಹಾಕಿದೆ. ಆಮೇಲೆ ಹುಲ್ಲು. ನಿಮ್ಮ ಹಳದಿಯವನು ಇಲ್ಲಿ ಹುಲ್ಲಲ್ಲಿ ಅಂಗಾತ ಮಲಗಿದಾನೆ, ಅವನ ಹುಲ್ಲಿಗೆ ತಾಗಿರೋ ಮುಗಿದ ಊರು ಎರಡು, ಊರಿಗೆ ಮೂರರ ಹಾಗೆ ಆರು. ಕೂತಲ್ಲೇ ಉಣ್ಣೋ ಅದೃಷ್ಟ ಅಂದ್ರೆ ಇವನದು. ಒಟ್ಟು ನಿಮಗೆ ಐದು ಡಜನ್ ನಾಲ್ಕು. ನನಗೆ ನಾಲ್ಕು ಡಜನ್ ನಾಲ್ಕು. ಪೂರ್ತಿ ಒಂದು ಡಜನ್ನಿಂದ ಗೆದ್ರಿ ಟೀಚರಮ್ಮ. ಹೊಸ ಕಣ್ಣು ಬಂದ ಮೊದಲನೇ ಗುರುವಾರಾನೇ ನನ್ನ ಮುಳುಗಿಸಿಬಿಟ್ರಿ. ತಗೊಳ್ಳಿ, ಟೀ ಆರ್ತಾ ಇದೆ.

ನನಗಾ? ನನಗೆ ಹುಲ್ಲಲ್ಲಿ ಯಾರೂ ಇಲ್ಲ. ಯಾವತ್ತು ಇದ್ರು?

ಅಯ್ಯೋ, ಬಿಲ್ಲೆ ಮೇಲಿರೋ ಸಾಸರು ಅಲ್ಲೇ ಇರ್ಲಿ. ಟೀ ಚೆಲ್ಲಿದೆ ಅದರ ಕೆಳಗೆ, ಬಿಲ್ಲೆಯೆಲ್ಲ ಅಂಟಾಗತ್ತೆ, ನಾನೇ ಆಮೇಲೆ ಒರೆಸ್ತೀನಿ. ನೀವು ಕೈ ಚಾಚಬೇಡಿ. ಕಪ್ಪು ಕನ್ನಡಕ ತೆಗೀಬೇಡಿ ಈಗಲೇ, ಕಿಟಕಿಯಿಂದ ಬಿಸಿಲು ನೇರ ಬೀಳ್ತಿದೆ, ತಡೀರಿ ಪರದೆ ಎಳೀತೀನಿ. ಯಾಕೆ, ಪರದೆ ಬೇಡ್ವಾ?

ಹೌದು, ಎಲ್ಲ ಚೆನ್ನಾಗಿ ಕಾಣ್ತಿರಬೇಕು ನಿಮಗೆ. ಸಂತೋಷ. ನಿಜವಾಗ್ಲೂ ಸಂತೋಷ. ಎಲ್ಲರಿಗೂ ಹಾಗೆ ಆಗಲ್ಲ ನೋಡಿ, ನಮ್ಮ ಚಿಕ್ಕಮ್ಮನ ಕಥೆ ಹೇಳಿದ್ನಲ್ಲ ನಿಮಗೆ, ಆಪರೇಷನ್ ಮಾಡಿಸ್ಕೊಂಡು ಇದ್ದ ಕಣ್ಣನ್ನೂ ಕಳ್ಕೊಂಡ್ಲು. ನಿಮ್ಮ ಪುಣ್ಯ ಚೆನ್ನಾಗಿತ್ತು. ನಿಮ್ಮ ತಮ್ಮನ ಮಗಳು ಬಂದು ಹಟ ಹಿಡಿದು ಕರ್ಕೊಂಡು ಹೋದ್ಲು, ಒಳ್ಳೇದಾಯ್ತು.

ಎತ್ತೇಬಿಟ್ರಾ ಸಾಸರನ್ನ.

ಟೀ ಚೆಲ್ಲಿಲ್ಲ, ಹೌದು. ಒಣಗೇ ಇದೆ.

ಅದಾ? ಅದು ಗೊಂಬೆ. ಹಸಿರು ಗೊಂಬೆ. ನನ್ನದೇ ಇರಬೇಕು. ಹಸಿರು ಹುಲ್ಲಲ್ಲಿ ಹಸಿರು ಗೊಂಬೆ ಮಲಗಿಬಿಟ್ರೆ ಯಾರಿಗೆ ಕಾಣತ್ತೆ ಹೇಳಿ, ನನಗೂ ವಯಸ್ಸಾಯ್ತು, ಮರೆತೇ ಹೋಯ್ತು. ಈಗ ನೆನಪಾಯ್ತು ಬಿಡಿ. ಏನು ಮಹಾ, ಒಂದೋ ಎರಡೋ ಊರು ತಾಗಿರಬಹುದು, ಬಿಟ್ಟಾಕಿ... ನೀವು ಎಣಿಸ್ತೀರಾ? ಬೆರಳಿಟ್ಟು? ಸರಿ. ಎಣಿಸಿ. ಟೀಚರ್ ಎಣಿಸೋಕೆ ಕೂತ ಮೇಲೆ ಬೇಡ ಅನ್ನೋಕೆ ನಾನ್ಯಾರು.

ಅದೊಂದು. ಅದೆರಡು. ಆ ಮೂಲೇದು ಮೂರು. ಅದು ಸಣ್ಣ ಊರು, ಅದೂ ಸೇರತ್ತಾ... ಸೇರತ್ತೆ, ನೀವೇ ಓದಿ ಹೇಳಿದ್ರಿ ಅವತ್ತು. ನಾಲ್ಕು. ಐದು. ಆರು. ಏಳು.

ಏಳು ಮೂರಲೆ ನನಗೆ ಬರಲ್ಲ. ಬರತ್ತೆ, ಸುಳ್ಳು ಹೇಳಲ್ಲ. ಒಂದು ಡಜನ್ ಒಂಬತ್ತು. ಅದನ್ನ ಸೇರಿಸಿದ್ರೆ ನನಗೆ ಆರು ಡಜನ್ ಒಂದು. ನಿಮಗೆ ಐದು ಡಜನ್ ನಾಲ್ಕು. ನಾನೇ ಗೆದ್ದೆ. ಒಂಬತ್ತು ಗುಂಡಿಯಿಂದ.

ಏನಾದ್ರೂ ಅನ್ನಿ ಟೀಚರಮ್ಮ. ಮೂಗಿನ ತುದೀಲೇ ಇರತ್ತಲ್ಲ ನಿಮ್ಮ ಕೋಪ, ಇವತ್ತು ಎಲ್ಲಿ ಹೋಯ್ತು ಅದು?

ನಾನು ಗೊಂಬೆ ಮಲಗಿಸಿದ್ದು ನೋಡಿದ್ರಿ ಅಲ್ವಾ. ಆಟ ಶುರುವಾದಾಗ್ಲೇ ನೋಡಿದ್ರಿ. ನೋಡಿನೂ ಕೊನೇವರೆಗೆ ಸುಮ್ಮನೆ ಕೂತಿದ್ರಿ. ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗದೇನೇ ನಾನು ಹೆಗಲು ಮುಟ್ಟಿ ನೋಡ್ಕೊಂಡೆ, ಸಾಸರ್ ಬೇರೆ ಮುಚ್ಚಿಟ್ಟೆ. ಪರೀಕ್ಷೆ ಕೋಣೇಲಿ ಮಕ್ಕಳು ಚೀಟಿ ತೆಗೆಯೋತನಕ ಕಾದು ಹಿಡೀತಿದ್ರೇನೋ ನೀವು, ಹೀಗೇ.

ಹೌದು. ಪ್ರತಿ ಸಲವೂ. ಎಷ್ಟು ಸಲ ಅಂತ ಕೇಳಬೇಡಿ.

ಆಡೋದು ಮಾತ್ರ ನಿಜವಾಗಿ ಆಡ್ತೀನಿ, ಅದನ್ನಾದ್ರೂ ನಂಬಿ. ಒಂದೊಂದು ಬಿಲ್ಲೆ ಕೈಗೆ ಬಂದಾಗಲೂ ದಾರಿಗೆ ದಾರಿ, ಗೋಡೆಗೆ ಗೋಡೆ ಕೂಡಿಸೋಕೆ ಎಷ್ಟು ತಲೆ ಕೆಡಿಸ್ಕೊಳ್ತೀನಿ ಅಂತ ನೀವೇ ಬೈತೀರಲ್ಲ. ಸುಳ್ಳೆಲ್ಲ ಕೊನೇ ಎಣಿಕೇಲಿ. ಹುಲ್ಲಲ್ಲಿ ಮಲಗಿದವನನ್ನ ಮೆಲ್ಲಗೆ ಅಂಗೈಯೊಳಗೆ ಮುಚ್ಚಿ ಎತ್ಕೊಂಡ್ಬಿಡ್ತಿದ್ದೆ. ಮೊದಲನೇ ದಿನ ಯಾವ ಬಣ್ಣ ಬೇಕು ಅಂತ ಕೇಳಿದ್ರಿ, ನಾನು ಸುಮ್ಮನೆ ಹಸಿರು ಅಂದೆ. ಹುಲ್ಲಿನ ಮೇಲೆ ಅದು ನಿಮಗೆ ಕಾಣಲ್ಲ ಅಂತ ಆಮೇಲೆ ನನಗೆ ಗೊತ್ತಾಯ್ತು. ಅಲ್ಲಿಂದ ಯಾವತ್ತೂ ಹಸಿರು ಬಿಡಲಿಲ್ಲ.

ಯಾಕೆ ಅಂದ್ರೆ... ಮೊದಲನೇ ಆಟ ನಾನೇ ಗೆದ್ದಿದ್ದೆ, ನಿಮಗೆ ನೆನಪಿರಬೇಕು. ಮೇಲಿನ ಮನೆಯವರು ಖಾಲಿ ಮಾಡಿ ಹೋಗುವಾಗ ಈ ಡಬ್ಬಿ ಕಸಕ್ಕಿಟ್ಟಿದ್ರು, ನಾನು ಎತ್ತಿಟ್ಕೊಂಡೆ. ಒಳಗಿದ್ದ ಆಟದ ನಿಯಮದ ಕಾಗದ ಓದೋಕೆ ನನಗೆ ಬಾರದು. ಆ ಮನೆಗೆ ನೀವು ಬಂದ್ರಿ. ಭೂತಗನ್ನಡಿ ಹಿಡಿದು, ಮೂಗು ಕಾಗದಕ್ಕೆ ತಾಗಿಸಿ, ಒಂದೊಂದೇ ಅಕ್ಷರ ಓದಿ ಹೇಳಿದ್ರಿ. ಆಡಿದ್ವಿ. ನಾನು ಎರಡೂವರೆ ಡಜನ್ನಿಂದ ಗೆದ್ದೆ, ಗೆದ್ದು ಚಪ್ಪಾಳೆ ಬೇರೆ ತಟ್ಟಿದೆ, ಬುದ್ಧಿ ಇಲ್ಲದವಳು. ನೀವು ಹತ್ತೊಂಬತ್ತು ದಿನ ನನ್ನ ಮನೆಗೆ ಬರಲಿಲ್ಲ.

ತಲೆನೋವಿತ್ತು ಅಂತ ಅಂದ್ರಿ ಆಮೇಲೆ. ಇದ್ದೀತು. ನಿಮ್ಮ ಚಪ್ಪಲಿ ಸದ್ದು ನನ್ನ ಬಾಗಿಲ ಮುಂದೆ ಹಾದು ಹೋಗೋದು ಕೇಳ್ತಿತ್ತು, ನಿಲ್ತಿರಲಿಲ್ಲ. ನಾನು ಇದೇ ಕುರ್ಚೀಲಿ ಕೂತು ಇದೇ ಬಿಲ್ಲೆ ಹಾಸ್ಕೊಂಡು ಎರಡೂ ಕೈ ಪರವಾಗಿ ನಾನೇ ಆಡಿದೆ. ಎಡಗೈ ಬಲಗೈ ಮೇಲೆ ಗೆಲ್ಲತ್ತೆ, ಬಲಗೈ ಎಡಗೈ ಮೇಲೆ ಗೆಲ್ಲತ್ತೆ. ಹೇಳೋಕೆ ಒಬ್ಬರಿಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳ್ತಿದ್ದೆ ಒಂದು ಕಾಲಕ್ಕೆ, ಅವಕ್ಕೀಗ ಮೀಸೆ ಬಂದಿದೆ, ಅಜ್ಜಿ ಇದು ಹಳೇ ಕಥೆ ಅಂತಾವೆ. ಗೆಲುವು ಅಂದ್ರೆ ಏನು ಅಂತ ಆ ಹತ್ತೊಂಬತ್ತು ದಿನದಲ್ಲಿ ತಿಳೀತು ಟೀಚರಮ್ಮ. ಅದು ಮನೇಲೇ ಉಳಿಯತ್ತೆ, ನನ್ನ ಜೊತೆ, ಬಾಯಿ ಬಿಡದೆ. ಸೋತ್ರೆ, ಗೆದ್ದವರು ಮತ್ತೆ ಬರ್ತಾರೆ.

ಅದಕ್ಕೇ. ಅಷ್ಟೇ. ಹೊಟ್ಟೆಗೆ ಹಾಕ್ಕೊಳ್ಳಿ. ಇನ್ಮೇಲೆ ನೀವೇ ಎಣಿಸಿ, ನಾನು ಬೇಕಿದ್ರೆ ಕೆಂಪು ಗೊಂಬೆ ತಗೊಳ್ತೀನಿ. ಇಷ್ಟು ಸಲ ಗೆದ್ದಿದ್ದರಲ್ಲಿ ಅರ್ಧ ನಿಮ್ಮದೇ, ಸುಳ್ಳಲ್ಲ, ನಿಮ್ಮ ದಾರಿಗಳು ಎಷ್ಟುದ್ದ ಇರ್ತವೆ. ನಗಿ ಒಂಚೂರು. ಈಗ ತಾನೇ ನಗ್ತಿದ್ರಲ್ಲ.

ಯಾಕೆ ಕನ್ನಡಕ ತೆಗೆದ್ರಿ?

ಬಿಲ್ಲೆ ಕಡೆ ನೋಡ್ತಿಲ್ಲ ನೀವು. ನನ್ನ ಕಡೆ ನೋಡ್ತಿದೀರಿ. ನನ್ನ ಮುಖ ಸರಿಯಾಗಿ ನೋಡ್ತಿರೋದು ಇವತ್ತೇ ಮೊದಲಲ್ವಾ? ಇಷ್ಟು ದಿನ ದನಿ ಮಾತ್ರ ಕೇಳಿದ್ರಿ. ಮುಖ ಇಷ್ಟೇ, ಸುಕ್ಕು, ಒಂದು ಹಲ್ಲಿಲ್ಲ. ದನಿ ಕೇಳಿ ಇನ್ನೂ ಚೆನ್ನಾಗಿರೋಳು ಅಂದ್ಕೊಂಡಿದ್ರೇನೋ.

ಇನ್ನೇನು ಟೀಚರಮ್ಮ? ಹೇಳಿದ್ನಲ್ಲ ಎಲ್ಲ. ಗೊಂಬೆ ಹೇಳಿದೆ, ಹಸಿರು ಹೇಳಿದೆ. ಇನ್ನೇನೂ ಮುಚ್ಚಿಟ್ಟಿಲ್ಲ.

ಹಾಗೆ ನೋಡಬೇಡಿ. ಎಣಿಸ್ತಿದೀರಿ ನೀವು. ಮನಸ್ಸಲ್ಲೇ ಎಣಿಸ್ತಿದೀರಿ. ಗುಂಡಿ ಲೆಕ್ಕದಲ್ಲಿ ಸುಳ್ಳು ಹೇಳಿದವಳು ಇನ್ಯಾವುದರಲ್ಲಿ ಹೇಳಿರಬಹುದು ಅಂತ.

ಚಿಕ್ಕಮ್ಮನಾ?

ಚಿಕ್ಕಮ್ಮ ಇದ್ಲು ಟೀಚರಮ್ಮ. ಇದ್ಲು. ನಮ್ಮಮ್ಮನ ತಂಗಿ, ಜೋರು ಬಾಯಿ. ಅವಳ ಕಣ್ಣು... ಅವಳ ಕಣ್ಣು ಸಾಯೋತನಕ ಚೆನ್ನಾಗಿತ್ತು. ಸೂಜಿಗೆ ದಾರ ಪೋಣಿಸಿ ನನಗೇ ಕೊಡ್ತಿದ್ಲು, ನಾನೇ ಕೈಲಾಗದವಳು ಅನ್ನೋ ಹಾಗೆ.

ಆಪರೇಷನ್ ಯಾರಿಗೂ ಆಗಿರಲಿಲ್ಲ. ನಮ್ಮ ಕಡೆ ಯಾರಿಗೂ ಇಲ್ಲ.

ಹೋದ ವರ್ಷ ನೀವು ಡಾಕ್ಟರ ಚೀಟಿ ಹಿಡ್ಕೊಂಡು ಬಂದು ಇದೇ ದಿಂಬಿಗೆ ಒರಗಿ ಕೂತು ಕೇಳಿದ್ರಿ, ನಿಮಗೆ ಗೊತ್ತಿರೋರು ಯಾರಾದ್ರೂ ಮಾಡಿಸ್ಕೊಂಡಿದಾರಾ ಅಂತ. ಯಾರೂ ಇಲ್ಲ ಅಂದಿದ್ರೆ ಆಗ್ತಿತ್ತು. ನಾನು ಕಥೆ ಹೇಳೋಳು. ಬಾಯಿ ತೆಗೆದೆ, ಕಥೆ ತಾನಾಗೇ ಬಂತು. ಪಟ್ಟಿ ಬಿಚ್ಚಿದಾಗ ಒಂದು ಚುಕ್ಕಿ ಬೆಳಕೂ ಇರಲಿಲ್ಲ ಅಂದೆ. ಎಂಟು ವರ್ಷ ಗೋಡೆ ಹಿಡಿದು ಓಡಾಡಿದ್ಲು ಅಂದೆ. ಚೀಟಿ ಮಡಚಿ ಸೆರಗಿಗೆ ಸಿಗಿಸ್ಕೊಂಡ್ರಿ, ಆಮೇಲೆ ಒಂದು ವರ್ಷ ಅದರ ಮಾತೇ ಎತ್ತಲಿಲ್ಲ.

ಆ ವರ್ಷದಲ್ಲೇ ಅಲ್ವಾ ನೀವು ಪುಸ್ತಕಾನೆಲ್ಲ ಕಟ್ಟಿ ಮಂಚದ ಕೆಳಗೆ ತಳ್ಳಿದ್ದು. ಗೊತ್ತು. ನಾನೇ ಹಗ್ಗ ಕೊಟ್ಟೆ.

ಅವತ್ತು ಆಟ ಆದ ಮೇಲೆ ನಿಮ್ಮ ಕೈ ಹಿಡಿದು ಮೇಲೆ ಹತ್ತಿಸಿದ್ದೆ. ಇಪ್ಪತ್ತೆರಡು ಮೆಟ್ಟಿಲು. ಪ್ರತಿ ಗುರುವಾರ ಇಳಿಸೋಕೆ ಇಪ್ಪತ್ತೆರಡು, ಹತ್ತಿಸೋಕೆ ಇಪ್ಪತ್ತೆರಡು. ನಮ್ಮನೆಯವರು ಹೋದ ಮೇಲೆ ನನ್ನ ಕೈನ ಯಾರೂ ಹಿಡಿದಿರಲಿಲ್ಲ ಟೀಚರಮ್ಮ. ಸೂಜಿ ಹಿಡ್ದಿದೆ, ಪಾತ್ರೆ ಹಿಡ್ದಿದೆ, ಮನುಷ್ಯರ ಕೈ ಇಲ್ಲ. ಕಣ್ಣು ಸರಿಹೋದ್ರೆ ನೀವು ರೇಲಿಂಗ್ ಹಿಡ್ಕೊಂಡು ನೀವೇ ಹತ್ತೀರಿ. ಅಷ್ಟೇ ಹೊಳೆದಿದ್ದು ನನ್ನ ಮೊದ್ದು ತಲೆಗೆ. ನಿಮ್ಮ ಕಣ್ಣಿನ ಯೋಚನೆ ಬರಲಿಲ್ಲ. ಬಂತು, ಆಮೇಲೆ. ದಿನಾ ಬಂತು. ಹೇಳೋಣ ಅಂದ್ಕೊಂಡೇ ಗುರುವಾರ ಆಗ್ತಿತ್ತು, ನೀವು ಗೆಲ್ತಿದ್ರಿ, ನಗ್ತಿದ್ರಿ, ಮುಂದಿನ ವಾರ ಹೇಳೋಣ ಅಂತ ಬಿಡ್ತಿದ್ದೆ.

ಎದ್ರಾ.

ಟೀ ಮುಟ್ಟಲೇ ಇಲ್ಲ ನೀವು.

ಚಪ್ಪಲಿ ಅಲ್ಲಿ... ಕಾಣತ್ತೆ, ಹೌದು, ಕಾಣತ್ತೆ ನಿಮಗೆ. ಕೈ ಹಿಡೀಲಾ? ಬೇಡ. ಅಭ್ಯಾಸಕ್ಕೆ ಚಾಚಿದೆ. ಹೋಗಿ ಬನ್ನಿ ಅಂತ ಅನ್ನೋಕೂ ಬಾಯಿ ಬರ್ತಿಲ್ಲ ನನಗೆ, ಬನ್ನಿ ಅನ್ನೋ ಮಾತು ಬಂದ್ಬಿಡತ್ತಲ್ಲ ಅದರಲ್ಲಿ.

ಬೈದು ಹೋಗಿ ಟೀಚರಮ್ಮ. ಒಂದೇ ಒಂದು ಮಾತು. ಮಕ್ಕಳಿಗೆ ಬೈದ ಹಾಗೆ ಬೈರಿ.

ನಿಂತ್ರಿ. ಮೆಟ್ಟಿಲ ನಡುವೆ ನಿಂತಿದೀರಿ, ನನಗಿಲ್ಲಿಂದ ನಿಮ್ಮ ಪಾದ ಮಾತ್ರ ಕಾಣ್ತಿದೆ. ಎಷ್ಟನೇದರ ಮೇಲೆ ಅಂತ ಗೊತ್ತಿಲ್ಲ. ನೀವು ಮೇಲಾದ್ರೂ ಹೋಗಿ, ಕೆಳಗಾದ್ರೂ ಬನ್ನಿ. ಬಾಗಿಲು ತೆರೆದೇ ಇಟ್ಟಿರ್ತೀನಿ. ನಾನು ಎಣಿಸಲ್ಲ.