ಕೆಂಪು ಬಟ್ಟೆ ಬಿಚ್ಚಿದ ಪ್ಯಾನೆಲ್ಲು

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಅಣ್ಣ ಪೇಪರ್ ಮಿಲ್ಲಲ್ಲಿ ಎಲೆಕ್ಟ್ರಿಷಿಯನ್. ಕಥೆ ಕಟ್ಟೋ ಪೈಕಿ ಅಲ್ಲ.

ಅವತ್ತು ರಾತ್ರಿ ಪಾಳಿ ಮುಗಿಸಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಮಿಲ್ಲಿನ ಹಿಂದೆ ಒಂದು ಪಾಳುಬಾವಿ ಇದೆ. ಅದರ ಪಕ್ಕ ಬಂದಾಗ ಬೆನ್ನ ಹಿಂದೆ ಸದ್ದು... ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ... ಟಕ್. ಕಲ್ಲು ಬಿದ್ದಿದ್ದಲ್ಲ, ಕಡ್ಡಿ ಮುರಿದಿದ್ದಲ್ಲ. ರಿಲೇ ಸದ್ದು.

ರಿಲೇ ಏನು ಅಂತ ಹೇಳ್ಬಿಡ್ತೀನಿ. ಮೋಟಾರು ಓಡಿಸೋಕೆ ಡ್ರೈವ್ ಅಂತ ಒಂದು ಡಬ್ಬಿ ಇರುತ್ತೆ. ಕಾಗದ ಸಾಗಿಸೋ ಬೆಲ್ಟಿಗೆ ಏನಾದ್ರೂ ಸಿಕ್ಕಿಕೊಂಡ್ರೆ ಅದಕ್ಕೆ ಗೊತ್ತಾಗುತ್ತೆ, ಒಳಗಿನ ರಿಲೇ ಟಕ್ ಅನ್ನುತ್ತೆ, ಬೆಲ್ಟು ನಿಲ್ಲುತ್ತೆ. ಹೋದ ವರ್ಷ ಅದಕ್ಕೆ ಹುಚ್ಚು ಹಿಡಿದಿತ್ತು. ಏನೂ ಸಿಕ್ಕಿಕೊಳ್ಳದೇನೇ ರಿಲೇ ಟಕ್, ಬೆಲ್ಟು ಬಂದ್. ಅಣ್ಣ ವೈರು ಬಿಗಿ ಮಾಡಿದ, ರಿಲೇ ಬದಲಾಯಿಸಿದ, ಸೆಟ್ಟಿಂಗು ನೋಡಿದ. ಒಂದು ದಿನ ಬೆಲ್ಟು ನಿಲ್ಲಿಸಿ ಕೊಡಿ, ಹುಡುಕ್ತೀನಿ ಅಂದ. ಮ್ಯಾನೇಜರ್ರು ನಿಲ್ಲಿಸ್ತಾರಾ? ರಿಲೇ ತಪ್ಪಿಸಿ ಎರಡು ವೈರು ನೇರ ಸೇರಿಸಿ ಓಡಿಸು, ಆಮೇಲೆ ನೋಡೋಣ ಅಂದ್ರು. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ಅಣ್ಣ ಸೇರಿಸಿದ. ಹಾಗೆ ಸೇರಿಸಿದಾಗ ಡ್ರೈವ್ ಇರೋ ಪ್ಯಾನೆಲ್ಲಿನ ಹಿಡಿಗೆ ಕೆಂಪು ಬಟ್ಟೆ ಕಟ್ಟೋದು ಅವರ ಪದ್ಧತಿ... ಈ ಮಿಷನ್ನು ತಾನಾಗಿ ನಿಲ್ಲಲ್ಲ, ಹುಷಾರು ಅಂತ. ಕಟ್ಟಿದ. ಸಂಜೆ ಯಾರೋ ದೊಡ್ಡವರು ನೋಡೋಕೆ ಬರ್ತಾರೆ ಅಂತ ಮ್ಯಾನೇಜರ್ರು ಅದನ್ನ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರು. ಅಣ್ಣ ನೋಡಿದ. ಪಾಳಿ ಮುಗಿಸಿ ಮನೆಗೆ ಹೋದ.

ಮುಂದಿನ ಪಾಳಿಗೆ ಬಂದವನು ಟೆಸ್ಟರ್. ಯಾವಾಗ್ಲೂ ಜೇಬಲ್ಲಿ ಕರೆಂಟು ಇದೆಯಾ ನೋಡೋ ಟೆಸ್ಟರ್ ಇಟ್ಕೊಂಡಿರ್ತಿದ್ದ, ಅದೇ ಹೆಸರಾಯ್ತು. ಅಣ್ಣನ ಜೀವದ ಗೆಳೆಯ. ಬಟ್ಟೆ ಕಾಣಲಿಲ್ಲ, ಹೆಚ್ಚುಕಮ್ಮಿ ಆದ್ರೆ ಬೆಲ್ಟು ತಾನೇ ನಿಲ್ಲುತ್ತೆ ಅಂತ ನಂಬಿ, ಅದಕ್ಕೆ ಅಂಟಿದ್ದ ಕಾಗದ ಎಳೆಯೋಕೆ ಹೋದ. ತೋಳು ಸಿಕ್ಕಿಕೊಂಡಿತು. ರಿಲೇ ಟಕ್ ಅಂದಿರುತ್ತೆ, ಪಾಪ... ಬೆಲ್ಟು ನಿಲ್ಲಲಿಲ್ಲ.

ವೈರು ಸೇರಿಸಿದ್ದು ಟೆಸ್ಟರೇ, ತನ್ನ ಕೈಯಾರೆ ಸತ್ತ ಅಂತ ಮ್ಯಾನೇಜರ್ರು ಹಬ್ಬಿಸಿದ್ರು. ಅವನ ಹೆಂಡತಿ ಬೀದಿಗೆ ಬಂದ್ರೆ ಅದೇ ಮಾತು. ಅಣ್ಣ? ಕೆಲಸ ಹೋಗುತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡ. ನಮ್ಮವನೇ ಆದ್ರೂ ಹೇಳ್ತೀನಿ, ಅದು ಹೇಡಿತನ. ನೆನೆಸಿಕೊಂಡ್ರೆ ಇವತ್ತಿಗೂ ಮೈ ಉರಿಯುತ್ತೆ.

ಈಗ ಮತ್ತೆ ಆ ರಾತ್ರಿಗೆ ಬರೋಣ. ಬಾವಿ ಹತ್ರ... ಟಕ್. ಆಮೇಲೆ ಕಿವಿ ಪಕ್ಕದಲ್ಲೇ ಪಿಸುಮಾತು, ಟೆಸ್ಟರನದೇ ದನಿ.

"ಸೇರಿಸಿದ್ದು ಯಾರು ಅಂತ ಅವಳಿಗೆ ನೀನೇ ಹೇಳೋ."

"ಹೇಳ್ತೀನಿ ಕಣೋ..." ಅಂದ ಅಣ್ಣ.

ತಿರುಗಿ ನೋಡಿದ್ರೆ ಯಾರೂ ಇಲ್ಲ.

ಬೆಳಕು ಹರಿಯೋದೇ ತಡ, ಅಣ್ಣ ಟೆಸ್ಟರ್ ಮನೆಗೆ ಓಡಿದ. ಅವನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೀತಿದ್ರು. ಅಣ್ಣ ಅಳ್ತಾ ಎಲ್ಲ ಹೇಳಿದ. ಅವರು ತಲೆ ಎತ್ತಲೇ ಇಲ್ಲ.

"ಗೊತ್ತು. ನಮ್ಮನೆಯವರೇ ದಿನಾ ರಾತ್ರಿ ಬಂದು ಹೇಳ್ತಾರೆ. ನಿಮಗೆ ಬರೋಕೆ ಇಷ್ಟು ದಿನ ಬೇಕಾಯ್ತಾ?"

ಅವರ ಕೈಯಲ್ಲಿದ್ದದ್ದು ಟೆಸ್ಟರನ ಖಾಕಿ ಅಂಗಿ. ತೋಳಿಗೆ ನೀಲಿ ಗ್ರೀಸು ಮೆತ್ತಿತ್ತು, ಇನ್ನೂ ಹಸಿ. ಅಣ್ಣ ಮುಟ್ಟಿ ನೋಡಿದ. ಮೊದಲೆಲ್ಲ ಮಿಲ್ಲಲ್ಲಿ ಬಳಸ್ತಿದ್ದದ್ದು ಕಪ್ಪು ಗ್ರೀಸು. ನೀಲಿ ಬಂದಿದ್ದು ಟೆಸ್ಟರ್ ಸತ್ತ ಮೇಲೆ.

ನಂಬೋದು ಬಿಡೋದು ನಿಮಗೆ ಸೇರಿದ್ದು. ಆ ಅಂಗಿ ನಾನೂ ನೋಡಿದೀನಿ.