ಕರಡಿ ಮನೆ ಕಟ್ಟಿದ ಸದ್ದು

...ಅಲ್ಲಕ್ಕ, ನೀನಾದ್ರೂ ಹೇಳು, ಈ ಕಾರ್ಟೂನಿಗಾ ಚಿಕ್ಕವರಿದ್ದಾಗ ನಾವು ವಾರವಿಡೀ ಬಾಯಿ ಬಿಟ್ಕೊಂಡು ಕಾಯ್ತಿದ್ದಿದ್ದು? ಥೂ. ಮೂರನೇ ಡಿವಿಡಿ ಇದು. ಒಂದರಲ್ಲಾದ್ರೂ ತಲೆಬುಡ ಇದ್ಯಾ? ಕರಡಿ ಬಾಣಲೆ ತಗೊಂಡು ನರಿ ತಲೆಗೆ ಬಾರಿಸುತ್ತೆ. ನರಿ ಕರಡಿ ಕಾಲಿಗೆ ಬೆಂಕಿ ಹಚ್ಚುತ್ತೆ. ಆಮೇಲೆ ಮತ್ತೆ ಬಾಣಲೆ. ಒಂದು ಮಾತಿಲ್ಲ, ಕತೆಯಿಲ್ಲ... ಢಣ್ ಢಣ್ ಅಂತ ಬರೀ ಸದ್ದು. ನನ್ನ ಮಗಳು ಒಂದು ಗಳಿಗೆ ನೋಡಿ ಎದ್ದೇ ಹೋದ್ಲು. ‘ಅಪ್ಪಾ, ಇದಾ ನಿನ್ನ ಫೇವರಿಟ್ಟು?’ ಅಂದ್ಲು. ಆ ಮುಖ ನೋಡ್ಬೇಕಿತ್ತು ನೀನು. ಕೊಳೆತ ಮೊಟ್ಟೆ ಮೂಸಿದ ಹಾಗಿತ್ತು.

ಯಾಕೆ ನಗ್ತೀಯಾ?

ನೀನು ಹೇಳ್ತಿದ್ದ ಕರಡಿ ಎಂಥದ್ದು... ಪಾಪದ್ದು. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಹಲಗೆಗೆ ಮೊಳೆ ಹೊಡೆದು ಮನೆ ಕಟ್ಟೋದು. ನರಿ ಮಳೇಲಿ ನೆಂದು ಬಂದ್ರೆ, ‘ಒಳಗೆ ಬಾರಯ್ಯ, ಕಾಲು ಒರೆಸ್ಕೊಂಡು ಬಾ’ ಅನ್ನೋದು. ನೀನು ಓನರ್ ಮನೆ ಟಿವೀಲಿ ನೋಡ್ಕೊಂಡು ಬಂದು ಹೇಳೋದು, ನಾನು ಚಾಪೆ ಮೇಲೆ ಕೆಮ್ಮುತ್ತಾ ಕೇಳೋದು. ಕೆಮ್ಮೋ ಹುಡುಗ ನಮ್ಮನೆಯೊಳಗೆ ಬರೋದು ಬೇಡ ಅಂದಿದ್ಲಲ್ಲ ಆ ಓನರಮ್ಮ... ಅವಳನ್ನ ನೆನೆಸ್ಕೊಂಡ್ರೆ ಈಗ್ಲೂ ಬಾಯೆಲ್ಲಾ ಕಹಿಯಾಗುತ್ತೆ.

ಬಿಡು ಅಂತ ಕೈಯಾಡಿಸ್ಬೇಡ. ಯಾಕೆ ಬಿಡ್ಲಿ?

ಸರಿ, ಈ ಭಾಗ ನೋಡು. ಕರಡಿ ಏಣಿ ಹತ್ತುತ್ತಿದೆ. ಇಲ್ಲಿಗೆ ನಿಲ್ಲಿಸ್ತೀನಿ. ಮುಂದೇನಾಗುತ್ತೆ, ಹೇಳು. ನೀನು ಒಂದು ವಾರಾನೂ ತಪ್ಪಿಸ್ದೆ ನೋಡಿದ್ದಲ್ವಾ...

ಹೇಳಕ್ಕ.

ನನ್ನ ಮುಖ ಯಾಕೆ ನೋಡ್ತೀಯಾ? ಟಿವಿ ನೋಡು.

ಗೊತ್ತಿಲ್ಲ. ಅಲ್ವಾ?

ನಿನಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಮಗಳಿಗೋಸ್ಕರ ತಂದಿದ್ದೀನಿ ಅಂದಿದ್ದು ಸುಳ್ಳು. ಅಂಗಡಿ ಅಂಗಡಿ ಸುತ್ತಿ ಈ ಸೆಟ್ಟು ತಂದಿದ್ದು ನಿನಗೆ. ಒಂದು ಸಲವಾದ್ರೂ ನಮ್ಮಕ್ಕ ಕುರ್ಚೀಲಿ ಬೆನ್ನು ಊರಿ ಕೂತು, ಮೊದಲಿಂದ ಕೊನೇವರೆಗೂ ನೋಡ್ಲಿ ಅಂತ... ತಂದು ಹಾಕಿದ್ರೆ ಈ ಹೊಲಸು. ನನ್ನ ಮೇಲೆ ನನಗೇ ಹೇಸಿಗೆ ಆಗ್ತಿದೆ.

ಹೇಗೆ ಗೊತ್ತಾಯ್ತು ಅಂತ ಕೇಳಲ್ವಾ?

ಅಕ್ಕನ್ನ ಕರ್ಕೊಂಡು ಬಾ ಅಂತ ಅಮ್ಮ ಒಂದ್ಸಲ ಕಳಿಸಿದ್ಲು. ಆ ಓನರಮ್ಮನ ಮನೆ ಹಿತ್ತಲಿಂದ ಬಂದೆ. ಒಳಗೆ ಅವಳ ಮಕ್ಕಳು ಟಿವಿ ಮುಂದೆ ಉರುಳಾಡಿ ನಗ್ತಿದ್ರು. ನೀನು ಹೊರಗೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದೆ. ‘ಅದಿಷ್ಟು ತೊಳೆದು ಒಳಗೆ ಬಾರೇ, ನೋಡುವಿಯಂತೆ’ ಅಂತ ಕೂಗಿದ್ಲು ಆ ಮಹಾತಾಯಿ. ಅದಿಷ್ಟು ಅಂದ್ರೆ ನಿನ್ನ ಭುಜ ಮುಟ್ಟೋ ರಾಶಿ. ಅದು ಮುಗಿಯೋಷ್ಟರಲ್ಲಿ ಕಾರ್ಟೂನು ಮುಗಿದಿರ್ತಿತ್ತು... ಪ್ರತಿ ವಾರವೂ ಹಾಗೇನೇ, ಅಲ್ವಾ? ಒಳಗಿಂದ ಢಣ್ ಅಂದಾಗೆಲ್ಲಾ ನಿನ್ನ ಕೈ ನಿಲ್ತಿತ್ತು. ಕತ್ತು ವಾಲಿಸ್ಕೊಂಡು ಕೇಳ್ತಿದ್ದೆ. ಕರೀದೇ ವಾಪಸ್ ಬಂದುಬಿಟ್ಟೆ ನಾನು. ಸಿಗಲಿಲ್ಲ ಅಂದೆ ಅಮ್ಮನಿಗೆ.

ಅವತ್ತೇ ನೀನು ಬಂದು ಹೇಳಿದ್ದು, ಕರಡಿ ಮೊಳೆ ಹೊಡೆದು ಬಾಗಿಲು ಕೂರಿಸ್ತು ಅಂತ.

ಸೆರಗಲ್ಲಿ ಮುಖ ಮುಚ್ಕೋಬೇಡ ಅಕ್ಕ. ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ಅಂತಾನಾ?

ಬಿಟ್ಟಿದ್ರೆ, ಮುಂದಿನ ವಾರ ನೀನು ನನಗೆ ಕತೆ ಹೇಳ್ತಿರ್ಲಿಲ್ಲ.